ಬೆಳಕಿಗೆ ಬೆನ್ನು ಹಾಕಿ ಆಡಿದ ಮಾತು

ಗೋಡೆಯ ಮೇಲೆ ಬರೆಯುವುದಕ್ಕೆ ಅವಳು ಅಕ್ಷರದ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುತ್ತಿದ್ದಳು. ಗೇಣುದ್ದದ ಅಕ್ಷರಕ್ಕೆ ಒಂದು ಲೋಟ ಚಹಾದ ಬೆಲೆ, ಮೊಳದುದ್ದದ ಅಕ್ಷರಕ್ಕೆ ಒಂದು ಹೊತ್ತಿನ ಊಟದ ಬೆಲೆ. ಒತ್ತಕ್ಷರ ಬಂದರೆ ಅರ್ಧ ಜಾಸ್ತಿ. ಒತ್ತು ಬರೆಯಲು ಬಗ್ಗಬೇಕು, ಬಗ್ಗಿದರೆ ಸೊಂಟ ಹಿಡಿಯುತ್ತದೆ, ಸೊಂಟಕ್ಕೆ ಹಚ್ಚುವ ಎಣ್ಣೆಗೆ ಯಾವ ಗಿರಾಕಿಯೂ ಬೇರೆ ದುಡ್ಡು ಕೊಡುವುದಿಲ್ಲ. ಬಣ್ಣ, ಸುಣ್ಣ, ಅಟ್ಟಣಿಗೆಯ ಬಾಡಿಗೆ ಬರೆಸುವವರದ್ದು. ಪೂರ್ಣವಿರಾಮ ಪುಕ್ಕಟೆ.

ಈ ಲೆಕ್ಕದಿಂದಾಗಿ ಅವಳಿಗೆ ಒಂದು ಚಾಳಿ ಅಂಟಿಕೊಂಡಿತ್ತು. ಯಾರಾದರೂ ಮಾತಿಗೆ ಶುರುಹಚ್ಚಿಕೊಂಡರೆ ಅದರಲ್ಲಿ ಎಷ್ಟು ಅಕ್ಷರ ದಂಡ ಎಂದು ಮನಸ್ಸು ತಾನಾಗಿ ಎಣಿಸುತ್ತಿತ್ತು. ಮದುವೆಯಾದ ಹೊಸದರಲ್ಲಿ ಗಂಡ ಏನೋ ಸಿಹಿಮಾತು ಆಡುತ್ತಿದ್ದಾಗಲೂ ಎಣಿಸಿ ನಕ್ಕುಬಿಟ್ಟಿದ್ದಳು. ಅವನು ಅದನ್ನು ಇನ್ನೂ ಮರೆತಿರಲಿಲ್ಲ.

ಬಟ್ಟೆ ಗಿರಣಿಯ ಸಂಘದ ಕಾರ್ಯದರ್ಶಿ ಕರೆದು ಕೆಲಸ ಒಪ್ಪಿಸಿದಾಗ ಅವಳು ಮೊದಲು ಖುಷಿಪಟ್ಟಳು. ಮಗ್ಗಗಳ ದೊಡ್ಡ ಶೆಡ್ಡಿನ ಒಳಗೋಡೆ, ಈ ತುದಿಯಿಂದ ಆ ತುದಿಗೆ. ಎಲ್ಲಾ ಮೊಳದುದ್ದದ ಅಕ್ಷರ. ಬರೆಯಬೇಕಾದದ್ದು ದೊಡ್ಡಕ್ಕನ ಭಾಷಣ.

ದೊಡ್ಡಕ್ಕನ ಭಾಷಣ ಗೊತ್ತಿಲ್ಲದವರು ಆ ಊರಿನಲ್ಲಿ ಇರಲಿಲ್ಲ. ನಲವತ್ತು ವರ್ಷದ ಹಿಂದೆ ಹೊಳೆ ಉಕ್ಕಿ ಗಿರಣಿಗೆ ನೀರು ನುಗ್ಗಿತ್ತು. ಮಾಲೀಕ ಕೈಚೆಲ್ಲಿ ಕುಳಿತಿದ್ದ. ಆಗ ಮಗ್ಗದ ಸಾಲುಗಳ ಮೇಲ್ವಿಚಾರಣೆ ನೋಡುತ್ತಿದ್ದ ಹೆಂಗಸು, ಎಲ್ಲರೂ ದೊಡ್ಡಕ್ಕ ಅನ್ನುತ್ತಿದ್ದವಳು, ಕೆಸರಿನ ನಡುವೆ ಒಂದು ಪೆಟ್ಟಿಗೆ ಹತ್ತಿ ನಿಂತು ಮಾತಾಡಿದಳು. ಕೆಲಸದವರು ಮನೆಗೆ ಹೋಗಲಿಲ್ಲ. ಒಂದೊಂದೇ ಮಗ್ಗ ತಿರುಗಿಸಿದರು. ಆಮೇಲೆ ಗಿರಣಿ ಅವರದೇ ಸಂಘದ ಕೈಗೆ ಬಂತು. ಆ ಭಾಷಣ ಕ್ಯಾಲೆಂಡರಿನಲ್ಲಿ ಅಚ್ಚಾಗಿತ್ತು, ಶಾಲೆಯಲ್ಲಿ ಮಕ್ಕಳು ಕಂಠಪಾಠ ಮಾಡಿ ಬಹುಮಾನ ತೆಗೆದುಕೊಳ್ಳುತ್ತಿದ್ದರು, ಪರೀಕ್ಷೆಗೆ ಹೋಗುವ ಹುಡುಗರು ಪುಸ್ತಕದ ಹಾಳೆಯ ಮೇಲೆ ಬರೆದುಕೊಳ್ಳುತ್ತಿದ್ದರು.

“ನೀರು ಮಗ್ಗವನ್ನು ಮುಳುಗಿಸಬಹುದು, ಕೈಯನ್ನಲ್ಲ. ಇವತ್ತು ಒಂದು ಮಗ್ಗ ತಿರುಗಿದರೆ ನಾಳೆ ನೂರು ತಿರುಗುತ್ತವೆ. ನಿಂತವರಿಗೆ ನಾಳೆ ಇದೆ. ಓಡಿಹೋದವರಿಗೆ ಬರೀ ನಿನ್ನೆ.”

ಕಾರ್ಯದರ್ಶಿ ಕೊಟ್ಟ ಚೀಟಿಯನ್ನು ಓದುತ್ತ ಕೊನೆಯ ಸಾಲಿಗೆ ಬಂದಾಗ ಅವಳ ಖುಷಿ ಇಳಿಯಿತು. ಎಷ್ಟೋ ಸಲ ಕೇಳಿದ್ದ ಸಾಲೇ. ಆದರೆ ಕೇಳುವುದು ಬೇರೆ, ತನ್ನ ಕೈಯಾರೆ ಬರೆಯುವುದು ಬೇರೆ. ಯಾಕೆಂದರೆ ಅವತ್ತು ಓಡಿಹೋದವರು ಅಂತ ಊರು ಬೆರಳು ತೋರಿಸುತ್ತಿದ್ದದ್ದು ಒಬ್ಬಳೇ ಒಬ್ಬಳನ್ನು. ಅವಳ ಅತ್ತೆಯನ್ನು.

ಅತ್ತೆಗೂ ಆಗ ಅದೇ ಶೆಡ್ಡಿನಲ್ಲಿ ಮಗ್ಗ ಇತ್ತು. ಎಲ್ಲರೂ ನಿಂತಾಗ ಅವಳು ಅಟ್ಟದಿಂದ ಸುರುಳಿ ಸುತ್ತಿದ ಎರಡು ಥಾನು ಬಟ್ಟೆ ಹೆಗಲಿಗೇರಿಸಿಕೊಂಡು ಬಾಗಿಲು ದಾಟಿದ್ದಳಂತೆ. ಅವತ್ತಿನಿಂದ ಅವಳ ಹೆಸರು ಥಾನಮ್ಮ. ಅಂಗಡಿಯವನಿಗೂ ಥಾನಮ್ಮ, ಅಂಚೆಯವನಿಗೂ ಥಾನಮ್ಮ. ಆಸ್ಪತ್ರೆಯಲ್ಲಿ ಒಮ್ಮೆ ಅವಳ ನಿಜವಾದ ಹೆಸರು ಕೂಗಿದರೆ ಅವಳೇ ಎದ್ದು ಹೋಗಿರಲಿಲ್ಲ.

“ಇದನ್ನ ಯಾವಾಗ ಮುಗಿಸಬೇಕು?” ಎಂದು ಕೇಳಿದಳು.

“ಮತದ ದಿನಕ್ಕೆ ಮುಂಚೆ ಅಕ್ಕ,” ಎಂದ ಕಾರ್ಯದರ್ಶಿ. ಚಿಕ್ಕ ವಯಸ್ಸಿನವನು, ಒಳ್ಳೆಯವನು, ನಿದ್ದೆಗೆಟ್ಟು ಕಣ್ಣು ಕೆಂಪಾಗಿದ್ದವು. ಹೊರಗಿನ ಯಾರೋ ಗಿರಣಿಯನ್ನು ಜಾಗದ ಸಮೇತ ಕೊಳ್ಳಲು ಬಂದಿದ್ದರು. ಮಾರಿ ಪಾಲು ಹಂಚಿಕೊಳ್ಳೋಣ ಅಂತ ಅರ್ಧ ಜನ, ಬೇಡವೇ ಬೇಡ ಅಂತ ಅರ್ಧ ಜನ. “ಆ ಗೋಡೆ ನೋಡ್ತಾ ನೋಡ್ತಾ ಯಾರು ಮಾರೋಣ ಅಂತ ಕೈ ಎತ್ತುತಾರೆ ಹೇಳಿ? ನಾನು ದಿನಾ ಬೆಳಗ್ಗೆ ದೊಡ್ಡ ದೊಡ್ಡ ಭಾಷಣ ಕೇಳ್ತೀನಿ ಅಕ್ಕ. ಫೋನಲ್ಲಿ. ಯಾವ್ಯಾವುದೋ ದೇಶದವರದ್ದು, ನೂರು ವರ್ಷದ ಹಿಂದಿನವು. ಅವರು ಯಾರಿಗೆ ಹೇಳಿದ್ರೋ ಅವರೆಲ್ಲ ಸತ್ತುಹೋಗಿದ್ದಾರೆ. ಆದ್ರೂ ಕೇಳಿದ್ರೆ ನಂಗೆ ಮೈ ಜುಂ ಅನ್ನುತ್ತೆ. ಯಾಕೆ ಅಂತೀರಿ?”

“ಯಾಕೆ?”

“ಅದೇ ಗೊತ್ತಿಲ್ಲ,” ಎಂದು ಅವನು ನಕ್ಕ. “ಮಾತಿನಲ್ಲಿ ಕರೆಂಟು ಇರುತ್ತೆ, ಅಷ್ಟೇ.”

ಕರೆಂಟು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಅವಳ ತಲೆಗೆ ಹೊಕ್ಕಿದ್ದು ಆಗಲೇ.

ರಾತ್ರಿ ಊಟಕ್ಕೆ ಕುಳಿತಾಗ ವಿಷಯ ತೆಗೆದಳು. ಗಂಡ ಅದೇ ಗಿರಣಿಯಲ್ಲಿ ಮಗ್ಗ ರಿಪೇರಿಯ ಮೇಸ್ತ್ರಿ. ಮಾರಬಾರದು ಅನ್ನುವವರಲ್ಲಿ ಎಲ್ಲರಿಗಿಂತ ಜೋರು ಅವನದ್ದೇ. ತಾಯಿಯ ಹೆಸರಿಗೆ ಅಂಟಿದ್ದನ್ನು ತೊಳೆಯಲೆಂದೇ ಮೀಸೆ ಬರುವ ಮುಂಚೆ ಗಿರಣಿ ಸೇರಿದವನು.

“ಬರಿ,” ಎಂದ ಅವನು, ತಟ್ಟೆಯಿಂದ ತಲೆಯೆತ್ತದೆ. “ಇದ್ದದ್ದು ಇದ್ದ ಹಾಗೆ ಬರಿ.”

“ಇದ್ದದ್ದೇನು ಅಂತ ಗೊತ್ತಾಗಬೇಕಲ್ರೀ. ಆ ಕೊನೇ ಸಾಲು ದೊಡ್ಡಕ್ಕ ನಿಜವಾಗಿ ಹೇಳಿದ್ರಾ?”

“ಶಾಲೇಲಿ ಆ ಭಾಷಣ ಹೇಳಿ ಮೊದಲನೇ ಬಹುಮಾನ ತಗೊಂಡೋನು ನಾನು. ನನ್ನನ್ನೇ ಕೇಳ್ತೀಯಲ್ಲ.”

“ಚೆನ್ನಾಗಿ ಹೇಳಿದ್ದ,” ಎಂದಳು ಅತ್ತೆ. ಗೋಡೆಗೆ ಒರಗಿ ಕಾಲು ಚಾಚಿ ಕುಳಿತಿದ್ದಳು. “ಆ ಕೊನೇ ಸಾಲಿಗೆ ಕೈಯನ್ನ ಹಿಂಗೆ ಬೀಸಿದ್ದ. ನಾನೂ ಚಪ್ಪಾಳೆ ತಟ್ಟಿದೆ.”

ಸೊಸೆ ಅವಳ ಕಡೆಗೆ ತಿರುಗಿ ಕೇಳಿದಳು: “ಅತ್ತೆ, ನೀವು ಅಲ್ಲೇ ಇದ್ರಲ್ಲ. ಏನು ಹೇಳಿದ್ರು ಅವತ್ತು?”

“ಮನೆಗೆ ಹೋಗಿ ಅಂದ್ಲು. ನಾನು ಬಂದೆ.”

ಮೇಸ್ತ್ರಿ ತಟ್ಟೆ ಸರಿಸಿ ಎದ್ದುಹೋದ. ಕೈ ತೊಳೆಯುವ ಸದ್ದು ಬೇಕಾದ್ದಕ್ಕಿಂತ ಜೋರಾಗಿ ಕೇಳಿತು.

“ನೋಡಿದ್ಯಾ?” ಎಂದಳು ಅತ್ತೆ, ಸಿಟ್ಟಿಲ್ಲದೆ. “ಅದಕ್ಕೇ ನಾನು ಹೇಳೋದು ಬಿಟ್ಟೆ. ನೀನು ಬರಿಯೇ. ಬಂದ ದುಡ್ಡನ್ನ ಬಿಡಬೇಡ. ನನ್ನ ಸೊಸೆ ಅಕ್ಷರ ದುಂಡಗೆ ಬರೀತಾಳೆ ಅಂತಾದ್ರೂ ಜನ ಹೇಳಲಿ.”

ಸೊಸೆಗೆ ಅತ್ತೆಯ ಮಾತಿನ ಮೇಲೆ ನಂಬಿಕೆ ಇತ್ತೆಂದಲ್ಲ. ಅತ್ತೆ ಸುಳ್ಳು ಹೇಳುವವಳಲ್ಲ, ಆದರೆ ನಲವತ್ತು ವರ್ಷ ಚುಚ್ಚುಮಾತು ಕೇಳಿದವರು ತಮಗೆ ಬೇಕಾದ ಹಾಗೆ ನೆನಪನ್ನು ಒಗ್ಗಿಸಿಕೊಂಡಿದ್ದರೂ ಆಶ್ಚರ್ಯವಿಲ್ಲ. ಅವಳಿಗೆ ಬೇಕಾಗಿದ್ದದ್ದು ಇಷ್ಟೇ: ಆ ಸಾಲು ನಿಜವಾಗಿ ಆಡಿದ್ದಾದರೆ ಕಣ್ಣು ಮುಚ್ಚಿ ಬರೆದುಬಿಡುವುದು. ಆಡಿದ್ದಲ್ಲವಾದರೆ ತನ್ನ ಕೈಯಿಂದ ಅತ್ತೆಯ ಹಣೆಯ ಮೇಲೆ ಮೊಳದುದ್ದದ ಅಕ್ಷರ ಬರೆಯದಿರುವುದು.

ಮರುದಿನ ಗೋಡೆಗೆ ಸುಣ್ಣ ಬಳಿದು, ಒಣಗಲು ಬಿಟ್ಟು, ಅವತ್ತು ಅಲ್ಲಿದ್ದವರನ್ನು ಹುಡುಕಿಕೊಂಡು ಹೊರಟಳು.

ಗಿರಣಿಯ ಗೇಟಿನ ಎದುರು ಚಹಾದ ಅಂಗಡಿ ಇಟ್ಟಿದ್ದ ಮುದುಕಿ ಆಗ ಕಂಡಿಕೆಗೆ ನೂಲು ಸುತ್ತುತ್ತಿದ್ದವಳು. ಕೇಳಿದ್ದೇ ತಡ ಅವಳ ಕಣ್ಣು ತುಂಬಿಕೊಂಡವು. “ಅಯ್ಯೋ, ಆ ಮಾತು! ‘ಯಾರ ಮನೆ ಮಗುವೂ ಹಸಿದು ಮಲಗಬಾರದು, ಅಲ್ಲೀವರೆಗೆ ನಾನು ಅನ್ನ ಮುಟ್ಟಲ್ಲ’ ಅಂದಳು. ನನಗಾಗ ಕಂಕುಳಲ್ಲಿ ಕೂಸು. ಇವಳೊಬ್ಬಳಿದ್ದಾಳೆ ಅಂತ ಧೈರ್ಯ ಬಂತು ನೋಡು.”

“ಮಗ್ಗ, ನೀರು, ಕೈ, ಅದೇನೂ ಹೇಳಲಿಲ್ವಾ?”

“ಅದೂ ಹೇಳಿರಬೇಕು. ನನಗೆ ಇದು ನೆನಪಿರೋದು.”

“ಓಡಿಹೋದವರಿಗೆ ಅಂತ?”

ಮುದುಕಿ ಚಹಾ ಸೋಸುವುದನ್ನು ನಿಲ್ಲಿಸಿ ಅವಳನ್ನು ನೋಡಿದಳು. “ನೀನು ಥಾನಮ್ಮನ ಸೊಸೆ ಅಲ್ವಾ? ಬಿಡು. ಅದನ್ನೆಲ್ಲಾ ಯಾಕೆ ಕೆದಕ್ತೀಯಾ. ಬಿಸ್ಕತ್ತು ಬೇಕಾ?”

ಕಾವಲಿನ ಅಜ್ಜನದ್ದು ಬೇರೆಯೇ. ಅವನು ಕಿವಿಯ ಹಿಂದೆ ಕೈ ಇಟ್ಟುಕೊಂಡು ಪ್ರಶ್ನೆ ಕೇಳಿ, ಎದ್ದು ನಿಂತು, ಊರುಗೋಲು ಮೇಲೆತ್ತಿ ಗುಡುಗಿದ: “‘ಹೆದರಿದವನು ಎದುರಿಗೆ ಬಾ, ನಿನ್ನ ಹೆದರಿಕೇನ ನಂಗೆ ಕೊಡು!’ ಅಂದಳಮ್ಮ. ಸಿಂಹದ ಹಾಗೆ. ಅಷ್ಟು ಹೊತ್ತಿಗೆ ನಾನು ಚಪ್ಪಲಿ ಕೈಲಿ ಹಿಡ್ಕೊಂಡಿದ್ದೆ. ಹೊರಟೇಬಿಟ್ಟಿದ್ದೆ. ಆ ಮಾತು ಬಂದು ನೇರ ನನ್ನ ಎದೆಗೇ ಬಡೀತು.”

“ಅಜ್ಜ, ಅದು ಕ್ಯಾಲೆಂಡರಿನಲ್ಲಿ ಇಲ್ವಲ್ಲ.”

“ಕ್ಯಾಲೆಂಡರು ಮಾಡಿದವನು ಅಲ್ಲಿದ್ನಾ?” ಎಂದು ಅಜ್ಜ ರೇಗಿದ. “ನಾನಿದ್ದೆ!”

ಹಾಗೆ ಇನ್ನೂ ಇಬ್ಬರು ಮೂವರನ್ನು ಮಾತಾಡಿಸಿದಳು. ಒಬ್ಬರ ಮಾತಿಗೆ ಇನ್ನೊಬ್ಬರದ್ದು ಹೊಂದಲಿಲ್ಲ. ಸಾಲಗಾರನಾಗಿದ್ದವನಿಗೆ ಸಾಲದ ಮಾತು ಕೇಳಿಸಿತ್ತು, ಗಂಡ ಬಿಟ್ಟುಹೋಗಿದ್ದವಳಿಗೆ ಒಂಟಿತನದ ಮಾತು. ಎಲ್ಲರೂ ಆಣೆ ಇಟ್ಟು ಹೇಳುತ್ತಿದ್ದರು. ಒಂದರಲ್ಲಿ ಮಾತ್ರ ಎಲ್ಲರೂ ಒಂದಾಗಿದ್ದರು. ದೊಡ್ಡಕ್ಕ ಮಾತಿನ ಕೊನೆಗೆ ಅಂಗೈಯನ್ನು ಅಡ್ಡಡ್ಡ ಆಡಿಸಿ, ಒರೆಸುವ ಹಾಗೆ ತೋರಿಸಿದಳು. ಆಮೇಲೆ ಎಲ್ಲರೂ ತಮ್ಮ ತಮ್ಮ ಮಗ್ಗ ಒರೆಸತೊಡಗಿದರು.

ಇಷ್ಟು ಜನರಿಗೆ ಇಷ್ಟು ಬಗೆಯಲ್ಲಿ ಕೇಳಿಸಬೇಕಾದರೆ ಅಲ್ಲೇನೋ ಇದೆ ಅನ್ನಿಸಿ ಅವಳು ಅಜ್ಜನ ಬಳಿಗೆ ತಿರುಗಿ ಬಂದಳು.

“ಅಜ್ಜ, ಅವತ್ತು ಶೆಡ್ಡಿನಲ್ಲಿ ಸದ್ದು ಇತ್ತಾ?”

“ಸದ್ದಾ? ನೀರೆತ್ತೋ ಪಂಪುಗಳು ನಾಲ್ಕೋ ಐದೋ ಓಡ್ತಾ ಇದ್ವು. ಪಕ್ಕದಲ್ಲಿ ಬಾಂಬು ಬಿದ್ರೂ ಕೇಳಿಸ್ತಿರಲಿಲ್ಲ.”

“ಮತ್ತೆ ಮಾತು ಹೆಂಗೆ ಕೇಳಿಸ್ತು?”

“ಗಿರಣಿಯವರಿಗೆ ಕಿವಿ ಯಾಕಮ್ಮ? ತುಟಿಮಾತು ಇಲ್ವಾ?”

ತುಟಿಮಾತು ಅವಳಿಗೂ ಗೊತ್ತಿತ್ತು. ಮಗ್ಗಗಳು ಓಡುವಾಗ ಕೂಗಿದರೆ ಗಂಟಲು ಹರಿಯುವುದೊಂದೇ ಲಾಭ. ಹಾಗಾಗಿ ಗಿರಣಿಯವರು ಸದ್ದಿಲ್ಲದೆ ತುಟಿಯನ್ನು ಅಗಲಿಸಿ, ಉಬ್ಬಿಸಿ, ಜೊತೆಗೆ ಕೈ ಸೇರಿಸಿ ಮಾತಾಡುತ್ತಿದ್ದರು. ಎದುರಿದ್ದವರು ಓದಿಕೊಳ್ಳುತ್ತಿದ್ದರು. ಗಿರಣಿಯ ಗಂಡಹೆಂಡಿರು ಬೀದಿಯ ಆ ಬದಿ ಒಬ್ಬರು ಈ ಬದಿ ಒಬ್ಬರು ನಿಂತು ಜಗಳ ಮುಗಿಸಿಬಿಡುತ್ತಿದ್ದರು, ನೆರೆಯವರಿಗೆ ಒಂದು ಅಕ್ಷರವೂ ಸಿಗುತ್ತಿರಲಿಲ್ಲ. ಅವಳೂ ಅದನ್ನು ಅತ್ತೆಯ ಹತ್ತಿರ ಅಡುಗೆಮನೆಯಲ್ಲಿ ಕಲಿತಿದ್ದಳು, ಮಲಗಿದ ಮಗುವನ್ನು ಎಬ್ಬಿಸದೆ ಮಾತಾಡಲು. ಅದಕ್ಕೆ ಒಂದೇ ನಿಯಮ: ಮಾತಾಡುವವರ ಮುಖದ ಮೇಲೆ ಬೆಳಕು ಬೀಳಬೇಕು.

“ದೊಡ್ಡಕ್ಕ ಯಾವ ಕಡೆ ನಿಂತಿದ್ರು?”

“ದೊಡ್ಡ ಬಾಗಿಲಲ್ಲಿ. ನೀರು ಅದನ್ನ ಕಿತ್ಕೊಂಡು ಹೋಗಿತ್ತಲ್ಲ. ಹಿಂದೆ ಆಕಾಶ, ಬೆಳಕು. ಆ ಬೆಳಕಲ್ಲಿ ನಿಂತಿದ್ದನ್ನ ನೋಡಬೇಕಿತ್ತು ನೀನು. ದೇವತೆ ಥರ.”

ಬೋರ್ಡು ಬರೆಯುವವಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿಂದಿನಿಂದ ಬಿಸಿಲು ಹೊಡೆಯುವ ಬೋರ್ಡನ್ನು ಎಷ್ಟು ಚೆಂದ ಬರೆದರೂ ಯಾರೂ ಓದಲಾರರು. ಬೆಳಕಿಗೆ ಬೆನ್ನು ಹಾಕಿ ನಿಂತವಳ ಮುಖ ಕಪ್ಪಗೆ ಕಂಡಿರಬೇಕು. ತುಟಿ ಯಾರಿಗೂ ಕಂಡಿರಲಾರದು. ಕಂಡದ್ದು ಆಕಾರ, ಕೈ, ಅಷ್ಟೇ. ಬದಿಯಲ್ಲಿ, ಅಟ್ಟದ ಏಣಿಯ ಹತ್ತಿರ ಯಾರಾದರೂ ನಿಂತಿದ್ದರೆ ಅವರಿಗೊಬ್ಬರಿಗೆ ಕಂಡಿರಬಹುದು.

ಅತ್ತೆಯ ಮಗ್ಗ ಎಲ್ಲಿತ್ತು ಎಂದು ಕೇಳಲು ಅವಳಿಗೆ ಧೈರ್ಯ ಬರಲಿಲ್ಲ. ಆದರೂ ಕೇಳಿದಳು.

“ಏಣಿ ಪಕ್ಕದ್ದೇ,” ಎಂದ ಅಜ್ಜ. “ಅದಕ್ಕೇ ಥಾನಿಗೆ ಕೈ ಹಾಕೋಕೆ ಸಲೀಸಾಯ್ತು ಅವಳಿಗೆ.”

ಥಾನಮ್ಮನ ಸೊಸೆಯಾಗಿ ದೊಡ್ಡಕ್ಕನ ಎದುರು ನಿಲ್ಲಲು ಹಿಂಜರಿದು ಅಲ್ಲಿಗೆ ಹೋಗುವುದನ್ನು ಕೊನೆಗೆ ಉಳಿಸಿಕೊಂಡಿದ್ದಳು. ದೊಡ್ಡಕ್ಕ ಔಷಧಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಮೊಮ್ಮಗಳ ಜೊತೆ ಇದ್ದಳು. ಎಂಬತ್ತರ ಹತ್ತಿರ. ಕಿಟಕಿಯ ಬಳಿ ಕುಳಿತು ಹಳೆಯ ಸ್ವೆಟರೊಂದನ್ನು ಬಿಚ್ಚಿ ಉಂಡೆ ಸುತ್ತುತ್ತಿದ್ದಳು. ಬಂದವಳು ಯಾರೆಂದು ಕೇಳಿ ಉಂಡೆಯನ್ನು ಮಡಿಲಿಗಿಟ್ಟಳು.

“ಥಾನು ಹೊತ್ತವಳ ಸೊಸೆ. ಬಾ ಕೂತ್ಕೋ. ಬೈಯೋಕೆ ಬಂದ್ಯಾ?”

“ಕೇಳೋಕೆ ಬಂದೆ ಅಮ್ಮ. ಅವತ್ತು ನೀವು ಏನು ಹೇಳಿದ್ರಿ?”

ಮುದುಕಿ ಅವಳ ಮುಖವನ್ನೇ ನೋಡುತ್ತ ಕುಳಿತಳು. “ಯಾವುದು ಬೇಕು ನಿಂಗೆ? ಚಹಾದವಳದ್ದಾ, ಕಾವಲಿನವನದ್ದಾ, ಕ್ಯಾಲೆಂಡರಿನದ್ದಾ?”

“ನಿಮ್ಮದು.”

“ನನ್ನದನ್ನ ಈವರೆಗೆ ಯಾರೂ ಇಷ್ಟಪಟ್ಟಿಲ್ಲ.” ದೊಡ್ಡಕ್ಕ ನಕ್ಕಳು. ಬಾಯಲ್ಲಿ ಹಲ್ಲು ಕಡಿಮೆ, ನಗು ಮಾತ್ರ ಭರ್ತಿ ಇತ್ತು. “ಮಾಲೀಕ ಹೇಳಿ ಕಳಿಸಿದ್ದ. ಗಿರಣಿ ಮುಗೀತು, ಕೂಲಿಗೆ ದುಡ್ಡಿಲ್ಲ, ಅಟ್ಟದ ಮೇಲೆ ನೀರು ತಾಗದ ಥಾನುಗಳಿವೆ, ತಲೆಗೆ ಎರಡು ಕೊಟ್ಟು ಕಳಿಸು ಅಂತ. ನಾನು ಪೆಟ್ಟಿಗೆ ಹತ್ತಿ ಅದನ್ನೇ ಹೇಳಿದೆ. ಮುಗೀತು, ಎರಡೆರಡು ಥಾನು ತಗೊಂಡು ಮನೆಗೆ ಹೋಗಿ. ಹೋಗೋ ಮುಂಚೆ ನಿಮ್ಮ ನಿಮ್ಮ ಮಗ್ಗ ಒಂದ್ಸಲ ಒರೆಸಿಹೋಗಿ, ತುಕ್ಕು ಹಿಡಿದು ನಿಂತಿರೋದನ್ನ ನೋಡೋಕಾಗಲ್ಲ. ಇಷ್ಟೇ ನನ್ನ ಭಾಷಣ.”

“ಮತ್ತೆ ಅವರೆಲ್ಲ ಯಾಕೆ ನಿಂತ್ರು?”

“ಅದನ್ನ ಅವರನ್ನೇ ಕೇಳಬೇಕು. ನಿಮ್ಮತ್ತೆ ಮಗ್ಗ ಒರೆಸಿದ್ಲು, ಎರಡು ಥಾನು ತಗೊಂಡ್ಲು, ಹೋದ್ಲು. ಹೇಳಿದ ಮಾತು ಕೇಳಿದವಳು ಅವಳೊಬ್ಬಳೇ. ಮಿಕ್ಕವರು ಒರೆಸಿದ್ರು. ಒರೆಸಿ ಆದ್ಮೇಲೆ ಎಣ್ಣೆ ಬಿಟ್ರು. ಎಣ್ಣೆ ಬಿಟ್ಟಮೇಲೆ ತಿರುಗುತ್ತಾ ನೋಡೋಣ ಅಂತ ಒಬ್ಬ ಕೈಯಿಂದ ತಿರುಗಿಸಿದ. ತಿರುಗ್ತು. ಆಮೇಲೆ ಯಾರು ಮನೆಗೆ ಹೋಗ್ತಾರೆ? ನಾನೂ ಪೆಟ್ಟಿಗೆಯಿಂದ ಇಳಿದು ಸೆರಗು ಸಿಕ್ಕಿಸಿದೆ. ಸಾಯಂಕಾಲದ ಹೊತ್ತಿಗೆ ಎಲ್ಲರೂ ಬಂದು ನನ್ನ ಕೈ ಹಿಡ್ಕೊಂಡು, ಏನು ಮಾತಾಡಿದ್ರಿ ದೊಡ್ಡಕ್ಕ, ಏನು ಮಾತಾಡಿದ್ರಿ ಅನ್ನೋದು!”

“ನೀವು ಹೇಳಬಹುದಿತ್ತಲ್ಲ.” ಸೊಸೆಯ ದನಿ ಸ್ವಲ್ಪ ಏರಿತು. “ನಮ್ಮತ್ತೆ ಇಷ್ಟು ವರ್ಷ...”

“ಹೇಳಲಿಲ್ಲ ಅಂದ್ಕೊಂಡ್ಯಾ? ಅವತ್ತೇ ಹೇಳಿದೆ. ಎಷ್ಟು ದೊಡ್ಡ ಮನಸ್ಸು ನೋಡಿ, ಹೊಗಳಿಕೆ ಬೇಡ ಅಂತಾರೆ ಅಂದ್ರು. ನಿಮ್ಮತ್ತೆ ಕಳ್ಳಿಯಲ್ಲ, ನಾನೇ ತಗೋ ಅಂದಿದ್ದು ಅಂದೆ. ಪಾಪ, ಅವಳನ್ನ ಉಳಿಸೋಕೆ ಸುಳ್ಳು ಹೇಳ್ತಾರೆ ಅಂದ್ರು. ನಾನು ಬಾಯಿ ಬಿಟ್ಟಷ್ಟೂ ನನ್ನ ಹೆಸರು ದೊಡ್ಡದಾಯ್ತು, ಅವಳದ್ದು ಸಣ್ಣದಾಯ್ತು. ವಾಪಸ್ ಬಾ ಅಂತ ಅವಳ ಮನೆಗೂ ಹೋದೆ. ‘ಹೋಗು ಅಂದಾಗ ಬಂದೆ, ಕಳ್ಳಿ ಅಂದಮೇಲೆ ಬರಲ್ಲ’ ಅಂತ ಬಾಗಿಲು ಹಾಕ್ಕೊಂಡ್ಲು. ಸರಿಯಾಗೇ ಹೇಳಿದ್ಲು.”

“ಕ್ಯಾಲೆಂಡರಿನ ಮಾತು?”

“ಅದು ಶಾಲೆ ಹೆಡ್ಮಾಸ್ಟರು ಬರೆದದ್ದು, ಎಷ್ಟೋ ವರ್ಷ ಆದ್ಮೇಲೆ. ಅವರಿವರನ್ನ ಕೇಳಿ, ಚಂದ ಮಾಡಿ. ಆ ನಿನ್ನೆ ನಾಳೆ ಎಲ್ಲಾ ಅವರದ್ದೇ. ಒಳ್ಳೆ ಮನುಷ್ಯ. ಪ್ರಾಸ ಅಂದ್ರೆ ಪ್ರಾಣ ಬಿಡ್ತಿದ್ರು. ಈಗಿಲ್ಲ.” ದೊಡ್ಡಕ್ಕ ಉಂಡೆಯನ್ನು ಮತ್ತೆ ಕೈಗೆತ್ತಿಕೊಂಡಳು. “ಒಂದು ತಮಾಷೆ ಹೇಳ್ಲಾ? ನಮ್ಮ ಮನೆಯವರು ತೀರಿಕೊಂಡ ವರ್ಷ ನಾನು ಕಸ ಗುಡಿಸೋದೂ ಬಿಟ್ಟಿದ್ದೆ. ಹಾಸಿಗೆಯಿಂದ ಏಳ್ತಿರಲಿಲ್ಲ. ಶಾಲೆಯವರು ಎಳ್ಕೊಂಡು ಹೋಗಿ ಕುರ್ಚಿ ಮೇಲೆ ಕೂರಿಸಿದ್ರು. ಒಂದು ಹುಡುಗ ಎದ್ದು ನಿಂತು ಆ ಭಾಷಣ ಹೇಳಿದ. ನೀರು ಮಗ್ಗವನ್ನು ಮುಳುಗಿಸಬಹುದು, ಕೈಯನ್ನಲ್ಲ. ನಂಗೆ ಅಳು ಬಂತು. ಮನೆಗೆ ಬಂದು ಪೊರಕೆ ಹಿಡಿದೆ.”

“ನಿಮ್ಮ ಮಾತಲ್ಲ ಅಂತ ಗೊತ್ತಿದ್ದೂ?”

“ಗೊತ್ತಿದ್ದೂ. ಅದೇ ನಂಗೂ ಅರ್ಥವಾಗಿಲ್ಲ. ಬರೀ ಮಾತಾಗಿದ್ರೆ ಅಳು ಬರ್ತಿರಲಿಲ್ಲ. ನಿಂತವರು ನಿಂತಿದ್ದು ನಿಜ ತಾನೆ? ಅದನ್ನ ನೋಡಿದ ಕಣ್ಣು ನನ್ನದು. ಆ ಮಾತು ಕೇಳಿದಾಗ ನಂಗೆ ಅವರ ಕೈ ಕಾಣುತ್ತೆ, ಬಟ್ಟೆ ಹಿಡಿದು ಒರೆಸ್ತಾ ಇರೋದು. ಹುಡುಗರಿಗೆ ಇನ್ನೇನು ಕಾಣುತ್ತೋ, ಅವರವರಿಗೆ ಬೇಕಾದ್ದು.” ಒಂದು ಸುತ್ತು ಸುತ್ತಿ ನಿಲ್ಲಿಸಿದಳು. “ಗೋಡೆ ಮೇಲೆ ಬರಿ, ನಂಗೇನು. ನನ್ನ ಹೆಸರು ಹಾಕಬೇಡ. ಆ ಓಡಿಹೋದವರ ಸಾಲು ಬೇಡ. ಅದರಿಂದ ಪೊರಕೆ ಹಿಡಿದವರು ಯಾರೂ ಇಲ್ಲ.”

ಮನೆಗೆ ಬಂದು ಗಂಡನನ್ನು ಹಿತ್ತಲಿಗೆ ಕರೆದು ಎಲ್ಲವನ್ನೂ ಹೇಳಿದಳು. ಅವನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು ಕೇಳಿದ. ಮೊದಲು ನಂಬಲಿಲ್ಲ, ಆಮೇಲೆ ಏಣಿಯ ಮಾತು ಬಂದಾಗ ನಂಬಿದ. ಶೆಡ್ಡಿನಲ್ಲಿ ಯಾವ ಮಗ್ಗದಿಂದ ಏನು ಕಾಣುತ್ತದೆ ಎಂದು ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ.

“ಆ ಸಾಲಿಗೆ ಕೈ ಬೀಸಿದ್ದೆ ಅಂತ ಅಮ್ಮ ಅಂದ್ಲಲ್ಲ,” ಎಂದ. “ಬೀಸಿದ್ದು ಅವಳ ಕಡೆಗೇ. ಬೇಕಂತಲೇ.”

ಅವಳು ಅವನ ಪಕ್ಕಕ್ಕೆ ಬಂದು ಕಲ್ಲಿನ ಮೇಲೆ ಕುಳಿತಳು.

“ಮತದ ದಿನ ಕಳೀಲಿ. ಅಲ್ಲೀವರೆಗೆ ಯಾರಿಗೂ ಬಾಯಿ ಬಿಡಬೇಡ. ದೊಡ್ಡಕ್ಕನೇ ಮನೆಗೆ ಹೋಗಿ ಅಂದಿದ್ದು ಅಂತ ಗೊತ್ತಾದ್ರೆ ಮಾರೋ ಕಡೆಯವರು ಕುಣಿದಾಡ್ತಾರೆ.”

“ಬಿಡಲ್ಲ. ಆದರೆ ಆ ಸಾಲು ನಾನು ಬರೆಯಲ್ಲ ರೀ.”

“ಬರೀಬೇಡ,” ಎಂದ ಮೇಸ್ತ್ರಿ.

ಮರುದಿನ ಅಟ್ಟಣಿಗೆ ಹತ್ತಿದಳು. ಕೆಳಗೆ ಮಗ್ಗಗಳು ಓಡುತ್ತಿದ್ದವು, ಲಾಳಿಗಳು ಆ ಕಡೆ ಈ ಕಡೆ ಚಿಮ್ಮುತ್ತಿದ್ದವು, ಹತ್ತಿಯ ಧೂಳು ಹಗುರಾಗಿ ಎದ್ದು ಬಂದು ಹಸಿ ಬಣ್ಣಕ್ಕೆ ಅಂಟುತ್ತಿತ್ತು. ಊಟದ ಹೊತ್ತಿಗೆ ನೀರು, ಮಗ್ಗ, ಕೈ ಮುಗಿದವು. ಸಂಜೆಯೊಳಗೆ ನೂರು ಮಗ್ಗ ತಿರುಗಿದವು, ನಿಂತವರಿಗೆ ನಾಳೆಯೂ ಬಂತು. ಅಲ್ಲಿಗೆ ಪೂರ್ಣವಿರಾಮ ಹಾಕಿ ಬ್ರಷ್ಷು ತೊಳೆಯತೊಡಗಿದಳು.

ಕೆಳಗಿನಿಂದ ಯಾರೋ ಕೈ ಬೀಸಿದರು. ನಿಚ್ಚಣಿಕೆ ಅಂತ ಎಲ್ಲರೂ ಕರೆಯುತ್ತಿದ್ದ ಉದ್ದನೆಯ ನೇಕಾರ. ಮಾರಬೇಕು ಅನ್ನುವವರ ಮುಂದಾಳು. ಧೂಳು ಕುಡಿದು ಅವನ ಎದೆ ಕೆಟ್ಟಿತ್ತು, ಇನ್ನು ಶೆಡ್ಡಿಗೆ ಕಾಲಿಡಬೇಡ ಎಂದು ಡಾಕ್ಟರು ಹೇಳಿದ್ದರು, ಪಾಲಿನ ದುಡ್ಡು ಸಿಗದೆ ಅವನು ಬಿಡುವ ಹಾಗಿರಲಿಲ್ಲ. ಬಾಯಿ ತೆರೆದರೆ ಸಾಕು, ಎದುರು ಕಡೆಯವರು ಆ ಕೊನೆಯ ಸಾಲನ್ನು ಅವನ ಮುಖಕ್ಕೆ ಎಸೆಯುತ್ತಿದ್ದರು. ಮೇಸ್ತ್ರಿಯೂ ಎಸೆದಿದ್ದ.

ನಿಚ್ಚಣಿಕೆ ತುಟಿಮಾತಿನಲ್ಲಿ ಕೇಳಿದ: ನಮ್ಮ ಸಾಲು ಎಲ್ಲಿ? ಓಡಿಹೋದವರದ್ದು?

ಅವಳು ಕೈಯಾಡಿಸಿ ಹೇಳಿದಳು: ಇಲ್ಲ.

ಯಾಕೆ? ಜಾಗ ಸಾಲಲಿಲ್ವಾ? ನನ್ನ ಬೆನ್ನ ಮೇಲೆ ಬರೀತೀಯಾ?

ಅವನು ನಗುತ್ತಲೇ ಕೇಳಿದ್ದ. ಆದರೆ ಕೇಳಿದ ಮೇಲೆ ಕೆಮ್ಮು ಬಂದು ಮಗ್ಗದ ಚೌಕಟ್ಟು ಹಿಡಿದು ಬಗ್ಗಿದ. ಆ ಬಗ್ಗಿದ ಉದ್ದ ಬೆನ್ನನ್ನು ನೋಡಿ ಅವಳಿಗೆ ತಡೆಯಲಾಗಲಿಲ್ಲ. ಅವನೊಬ್ಬನಿಗೆ ಹೇಳಿಬಿಡೋಣ ಅನ್ನಿಸಿತು. ಅವನು ತಲೆಯೆತ್ತಿದಾಗ ತುಟಿ ಅಗಲಿಸಿ, ನಿಧಾನವಾಗಿ ಹೇಳಿದಳು. ಆ ಸಾಲು ದೊಡ್ಡಕ್ಕ ಆಡಲೇ ಇಲ್ಲ. ದೊಡ್ಡಕ್ಕ ಹೇಳಿದ್ದು ಮನೆಗೆ ಹೋಗಿ ಅಂತ. ಎರಡೆರಡು ಥಾನು ತಗೊಂಡು ಹೋಗಿ ಅಂತ. ಬೆಳಕಿಗೆ ಬೆನ್ನು ಹಾಕಿದ್ದರಿಂದ ಯಾರಿಗೂ ಕಾಣಲಿಲ್ಲ. ನಮ್ಮತ್ತೆಗೆ ಮಾತ್ರ ಕಂಡಿತು.

ಹೇಳಿ ಮುಗಿಸಿದ ಮೇಲೆ ಅವಳಿಗೆ ತಾನು ಎಲ್ಲಿ ನಿಂತಿದ್ದೇನೆ ಎಂದು ಅರಿವಾಯಿತು. ಎರಡಾಳೆತ್ತರದ ಅಟ್ಟಣಿಗೆ. ಎದುರಿನ ಎತ್ತರದ ಕಿಟಕಿಗಳಿಂದ ಇಳಿಬಿಸಿಲು ನೇರ ಅವಳ ಮುಖದ ಮೇಲೆ. ಹಿಂದೆ ಹೊಸ ಸುಣ್ಣದ ಬಿಳಿ ಗೋಡೆ. ಕೆಳಗೆ ಇಡೀ ಶೆಡ್ಡು ತಲೆಯೆತ್ತಿ ಓದುತ್ತಿತ್ತು.

ಯಾರೂ ಮಗ್ಗ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಕೂಲಿ ಹೋಗುತ್ತದೆ. ಆದರೆ ಸಾಲಿನಿಂದ ಸಾಲಿಗೆ ತುಟಿಗಳು ಆಡತೊಡಗಿದವು, ಓದಿದವರು ಓದದವರಿಗೆ ದಾಟಿಸಿದರು. ಮೂಲೆಯಲ್ಲಿ ಮಗ್ಗವೊಂದರ ಹೊಟ್ಟೆಯೊಳಗೆ ಕೈಹಾಕಿ ಕುಳಿತಿದ್ದ ಮೇಸ್ತ್ರಿ ಎದ್ದು ನಿಂತು ಹೆಂಡತಿಯನ್ನು ನೋಡಿ ತುಟಿಮಾತಿನಲ್ಲೇ ಕೇಳಿದ: ಬಾಯಿ ಬಿಡಲ್ಲ ಅಂದಿದ್ದೆ!

ಸದ್ದು ಮಾಡಿಲ್ಲ, ಎಂದಳು ಅವಳು.

ನಿಚ್ಚಣಿಕೆ ಒಂದು ಕುಣಿತವನ್ನೂ ಕುಣಿಯಲಿಲ್ಲ. ತಾನು ನೇಯುತ್ತಿದ್ದ ಬಟ್ಟೆಯ ಅಂಚನ್ನು ಒಮ್ಮೆ ಸವರಿ, ಮತ್ತೆ ತಲೆಯೆತ್ತಿ ಕೇಳಿದ: ಹಂಗಾದ್ರೆ ನಿಂತವರು ಯಾರೂ ಹೇಳದೇ ನಿಂತ್ರಾ?

ಹೌದು.

ಹೋದವಳು, ಹೋಗು ಅಂದಮೇಲೆ ಹೋದಳಾ?

ಹೌದು.

ಅವನು ತಲೆಯಾಡಿಸಿದ. ಅವನು ಅದನ್ನು ಎಷ್ಟು ಹೊತ್ತು ಯೋಚಿಸಿದನೋ, ಸಂಜೆ ಗೇಟಿನ ಹತ್ತಿರ ಮೇಸ್ತ್ರಿಯನ್ನು ತಡೆದು ನಿಲ್ಲಿಸಿದ. ಈ ಸಲ ಬಾಯಿಬಿಟ್ಟೇ ಮಾತಾಡಿದ. “ನೋಡಪ್ಪ, ನಂಗೆ ಗಿರಣಿ ಮುಚ್ಚಬೇಕು ಅಂತೇನಿಲ್ಲ. ನಂಗೆ ಹೋಗಬೇಕು. ಹೋದ್ರೆ ನಿಮ್ಮಮ್ಮಂಗೆ ಕಟ್ಟಿದ ಹಂಗೆ ನನಗೂ ಒಂದು ಹೆಸರು ಕಟ್ತೀರಿ, ಅದಕ್ಕೇ ಎಲ್ಲಾ ಮುಚ್ಚಿಹೋಗಲಿ ಅಂತಿದ್ದೆ. ಬೈಗುಳ ಇಲ್ದೆ ಕಳಿಸಿಕೊಡ್ತೀರಾ?”

ಮೇಸ್ತ್ರಿ ಅವನ ಹೆಗಲ ಮೇಲೆ ಕೈ ಹಾಕಿ ಅಂದ: “ಚಹಾ ಕುಡಿಯೋಣ ಬಾ.”

ಕಾರ್ಯದರ್ಶಿ ಮಾತ್ರ ತಲೆಯ ಮೇಲೆ ಕೈ ಹೊತ್ತುಕೊಂಡ. “ಅಕ್ಕ, ಕರೆಂಟು ತೆಗೆದುಬಿಟ್ರಲ್ಲ!”

“ತೆಗೆದಿಲ್ಲ ಕಣಪ್ಪ,” ಎಂದಳು ಅವಳು. “ನೀನು ಬೆಳಗ್ಗೆ ಕೇಳ್ತೀಯಲ್ಲ, ಆ ಭಾಷಣದವರು ನಿಂಗೆ ಅಂತ ಹೇಳಿದ್ರಾ? ನಿನ್ನ ಹೆಸರೂ ಅವರಿಗೆ ಗೊತ್ತಿರಲಿಲ್ಲ. ಅವರು ಒಂದು ಬಾಗಿಲು ತೆಗೆದಿಟ್ಟು ಹೋಗಿದ್ದಾರೆ, ನೀನು ನಿನ್ನ ಸಾಮಾನು ಹೊತ್ಕೊಂಡು ಒಳಗೆ ಹೋಗ್ತೀಯಾ. ಮೈ ಜುಂ ಅನ್ನೋದು ನಿನ್ನ ಸಾಮಾನು.” ಹೇಳಿದ ಮೇಲೆ ಅವಳಿಗೇ ಸಂಶಯ ಬಂತು. “ಹಂಗೇ ಅಂತ ನಂಗನಿಸುತ್ತೆ. ನೀನು ಇನ್ನೂ ನಾಲ್ಕು ಕೇಳಿ ನೋಡು.”

ಅವನು ಆ ರಾತ್ರಿಯೇ ಸಂಘದ ಹಿರಿಯರನ್ನು ಕೂಡಿಸಿ ಮತದ ಪ್ರಶ್ನೆಯನ್ನು ಬದಲಾಯಿಸಿದ. ಮಾರುವುದೋ ಬಿಡುವುದೋ ಎಂದಲ್ಲ. ಹೋಗುತ್ತೇವೆ ಎನ್ನುವವರಿಗೆ ಹೋಗಲು ಬಿಟ್ಟು, ಹಿತ್ತಲ ಕಡೆಯ ಶೆಡ್ಡನ್ನು ಮಾತ್ರ ಮಾರಿ ಅವರ ಪಾಲು ತೀರಿಸಿ, ಉಳಿದದ್ದನ್ನು ಉಳಿದವರು ನಡೆಸುವುದು ಒಪ್ಪಿಗೆಯೇ ಎಂದು. ಒಪ್ಪಿಗೆಯಾಯಿತು. ಇಷ್ಟವಿಲ್ಲದೆ ಕೈ ಎತ್ತಿದವರೂ ಇದ್ದರು.

ಹಿತ್ತಲ ಶೆಡ್ಡು ಹೋಯಿತು, ಅದರ ಜೊತೆ ಗಿರಣಿಯ ಮೂರರಲ್ಲಿ ಒಂದು ಪಾಲು ಮಗ್ಗಗಳು ಹೋದವು. ನಿಚ್ಚಣಿಕೆ ಹೋದ, ಅವನ ಜೊತೆ ಇಪ್ಪತ್ತಕ್ಕೂ ಹೆಚ್ಚು ಜನ ಹೋದರು. ಅವರಲ್ಲಿ ಇಬ್ಬರು ಒಳ್ಳೆಯ ಕೈಯವರು, ಅಂಥವರು ಮತ್ತೆ ಸಿಗಲಿಲ್ಲ. ದೊಡ್ಡ ಶೆಡ್ಡು ಉಳಿಯಿತು. ಮೇಸ್ತ್ರಿಯ ಕೆಲಸ ಉಳಿಯಿತು, ಕೂಲಿ ಸ್ವಲ್ಪ ಇಳಿಯಿತು. ಅತ್ತೆಗೆ ನಲವತ್ತು ವರ್ಷದ ಮೇಲೆ ಅವಳ ಸ್ವಂತ ಹೆಸರು ವಾಪಸ್ ಬಂತು. ಚಹಾದ ಮುದುಕಿ, ಕಾವಲಿನ ಅಜ್ಜ, ದೊಡ್ಡಕ್ಕ, ನೂಲು ಸುತ್ತುವ ವಿಭಾಗದಲ್ಲಿದ್ದ ಮತ್ತೊಬ್ಬಳು: ಅವಳನ್ನು ಆ ಹೆಸರು ಹಿಡಿದು ಕರೆಯುವ ವಯಸ್ಸಿನವರು ಅಷ್ಟೇ ಜನ ಉಳಿದಿದ್ದರು. ಅಷ್ಟು ಜನ ಕರೆದರು.